ಊರು ಬಿಟ್ಟವನ ಋಣ

ಊರು ಬಿಟ್ಟು ಹೋದವನು ಊರಿಗೆ ಏನನ್ನು ಸಲ್ಲಿಸಬೇಕು? ನಮ್ಮ ಕಾನಹೊಸಹಳ್ಳಿಯ ಕಡೆ ಈ ಪ್ರಶ್ನೆ ಹೊಸದಲ್ಲ. ಆದರೆ ಅದನ್ನು ಎಲ್ಲರಿಗೂ ಒಂದೇ ಬಗೆಯಾಗಿ ಕೇಳುವ ರೂಢಿ ನಮ್ಮಲ್ಲಿಲ್ಲ. ಮಳೆ ಕೈಕೊಟ್ಟ ವರ್ಷ ಶೇಂಗಾ, ಜೋಳ ಒಣಗಿ ಹೋದ ಮೇಲೆ ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಜನ ಗಂಟುಮೂಟೆ ಕಟ್ಟಿಕೊಂಡು ಗುಳೆ ಹೊರಡುತ್ತಾರೆ. ಕೆಲವರು ಮಲೆನಾಡಿನ ಕಾಫಿ ತೋಟಗಳಿಗೆ, ಕೆಲವರು ಮಂಡ್ಯದ ಕಡೆ ಕಬ್ಬು ಕಡಿಯುವುದಕ್ಕೆ, ಮತ್ತೆ ಕೆಲವರು ಬೆಂಗಳೂರಿಗೆ ಗಾರೆ ಕೆಲಸಕ್ಕೆ. ಅವರು ಹಬ್ಬಕ್ಕೆ ಹಿಂತಿರುಗಿದಾಗ, "ಊರಿಗೆ ನೀನೇನು ಮಾಡಿದೆ?" ಎಂದು ಯಾರೂ ಕೇಳುವುದಿಲ್ಲ. ಅದೇ ಊರಿನ ಹುಡುಗನೊಬ್ಬ ಓದಿ ಇಂಜಿನಿಯರಾಗಿ ಪರದೇಶದಲ್ಲಿ ನೆಲಸಿದನೆನ್ನಿ. ಅವನು ಕೊಟ್ಟೂರಿನ ತೇರಿಗೆ ಬಂದಾಗ ಜನಸಂದಣಿಯ ನಡುವೆಯೇ ಹಿಡಿದು ನಿಲ್ಲಿಸಿ ಕೇಳುತ್ತೇವೆ. ಬಡವನು ಹೋದರೆ ಅದು ಹೊಟ್ಟೆಪಾಡು; ಬಲ್ಲವನು ಹೋದರೆ ಅದು ಕೃತಘ್ನತೆ. ಇಬ್ಬರೂ ಹತ್ತಿದ್ದು ಅದೇ ಹೆದ್ದಾರಿಯ ಬಸ್ಸನ್ನು.

ಈ ವಿಚಾರವನ್ನು ನಮ್ಮವರ ಮೇಲೆಯೇ ಇಟ್ಟು ನೋಡಹೊರಟರೆ ಅಭಿಮಾನ, ಸಿಟ್ಟು, ಸ್ವಲ್ಪ ದಾಯಾದಿ ಮತ್ಸರವೂ ಅಡ್ಡ ಬರುತ್ತವೆ. ಆದ್ದರಿಂದ ದೂರದ ಒಬ್ಬ ಆಟಗಾರನನ್ನು ಮುಂದಿಟ್ಟುಕೊಳ್ಳೋಣ. ದೂರದವರೆಂದರೂ ಅವರು ನಮಗೆ ಪೂರಾ ಹೊರಗಿನವರಲ್ಲ. 2022-23ರಲ್ಲಿ ಬೆಂಗಳೂರು ಎಫ್‌ಸಿಯ ನೀಲಿ ಅಂಗಿ ತೊಟ್ಟು ಕಂಠೀರವ ಕ್ರೀಡಾಂಗಣದಲ್ಲಿ ಆಡಿದವರು. ಹೆಸರು ರಾಯ್ ಕೃಷ್ಣ. ಹುಟ್ಟಿದ್ದು ಫಿಜಿ ದೇಶದಲ್ಲಿ, ಅಲ್ಲಿನ ಎರಡನೆಯ ದೊಡ್ಡ ದ್ವೀಪವಾದ ವನುವಾ ಲೇವುವಿನ ಲಂಬಾಸಾ ಎಂಬ ಸಕ್ಕರೆ ಕಾರ್ಖಾನೆಯ ಊರಿನಲ್ಲಿ. ಶಾಂತಸಾಗರದ ನಡುವೆ ಮುನ್ನೂರಕ್ಕೂ ಮಿಕ್ಕಿದ ದ್ವೀಪಗಳ ಆ ದೇಶದ ಜನಸಂಖ್ಯೆ ಸುಮಾರು 9 ಲಕ್ಷ. ನಮ್ಮ ವಿಜಯನಗರ ಜಿಲ್ಲೆಯೊಂದರಲ್ಲೇ ಅದಕ್ಕಿಂತ ಹೆಚ್ಚು ಮಂದಿ ಇದ್ದಾರೆ.

ರಾಯ್ ಕೃಷ್ಣ ಎಂಬ ಹೆಸರೇ ಹೇಳುವಂತೆ ಅವರ ಪೂರ್ವಿಕರು ಭಾರತದವರು. 1879ರಿಂದ 1916ರವರೆಗೆ ಕಲ್ಕತ್ತ ಮತ್ತು ಮದರಾಸು ಬಂದರುಗಳಿಂದ ಸುಮಾರು 60,000 ಜನರನ್ನು ಕಬ್ಬಿನ ಗದ್ದೆಯ ಕೂಲಿಗೆಂದು ಹಡಗುಗಳಲ್ಲಿ ಫಿಜಿಗೆ ಸಾಗಿಸಲಾಯಿತು. ಹೋಗುವಾಗ 5 ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಬೇಕು. ಅಗ್ರಿಮೆಂಟ್ ಎಂಬ ಆ ಇಂಗ್ಲಿಷ್ ಮಾತು ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು, ಹೋದವರು 'ಗಿರ್ಮಿಟಿಯಾ'ಗಳಾದರು. ನಮ್ಮ ಕಡೆ ಗಿರ್ಮಿಟ್ ಎಂದರೆ ಸಂಜೆ ಹೊತ್ತು ಮಿರ್ಚಿಯ ಜತೆ ತಿನ್ನುವ ಮಂಡಕ್ಕಿ. ಅದೇ ಸದ್ದಿನ ಮಾತು ಕಡಲಾಚೆ ಒಂದು ಜನಾಂಗಕ್ಕೆ ದಾಸ್ಯದ ಹೆಸರಾಯಿತೆಂದು ನೆನೆದರೆ ಬಾಯಿಗೆ ಹಾಕಿದ ತುತ್ತು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತದೆ. ಆ ಕರಾರಿನ ಅವಧಿಯಲ್ಲಿ ಕೂಲಿಯವನು ತೋಟ ಬಿಟ್ಟು ಬೇರೊಂದು ತೋಟಕ್ಕೆ ಹೋಗುವಂತಿರಲಿಲ್ಲ. ಹೋದರೆ ಅದು ಅಪರಾಧ. ದಂಡ, ಇಲ್ಲವೇ ಜೈಲು. ದೀನಬಂಧು ಆಂಡ್ರೂಸರು 1915ರಲ್ಲಿ ಫಿಜಿಗೆ ಹೋಗಿ ಕಣ್ಣಾರೆ ಕಂಡು ಬಂದು ಬರೆದ ಮೇಲೆ, ಭಾರತದಲ್ಲಿ ಎದ್ದ ಪ್ರತಿಭಟನೆಯ ಬಲದಿಂದ, 1920ರ ಹೊತ್ತಿಗೆ ಆ ಕರಾರುಗಳು ರದ್ದಾದವು.

ಈ ಒಂದು ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು; ಮುಂದೆ ಬೇಕಾಗುತ್ತದೆ.

ರಾಯ್ ಕೃಷ್ಣ ಹುಟ್ಟಿದ್ದು 1987ರ ಆಗಸ್ಟ್ 30ರಂದು. ಆ ವರ್ಷ ಫಿಜಿಯಲ್ಲಿ ಎರಡು ಸೈನಿಕ ಕ್ರಾಂತಿಗಳಾದವು: ಮೊದಲನೆಯದು ಮೇ ತಿಂಗಳಿನಲ್ಲಿ, ಎರಡನೆಯದು ಸೆಪ್ಟೆಂಬರಿನಲ್ಲಿ. ಭಾರತೀಯ ಮೂಲದವರ ಬೆಂಬಲದಿಂದ ಬಂದ ಸರಕಾರವೊಂದನ್ನು ಉರುಳಿಸುವುದು, ದೇಶದ ಅಧಿಕಾರ ಮೂಲನಿವಾಸಿಗಳ ಕೈಯಲ್ಲೇ ಉಳಿಯುವಂತೆ ಮಾಡುವುದು ಅದರ ಉದ್ದೇಶ. ಅನಂತರದ ವರ್ಷಗಳಲ್ಲಿ ಸಹಸ್ರಾರು ಭಾರತೀಯ ಕುಟುಂಬಗಳು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾಗಳಿಗೆ ಹೊರಟುಹೋದವು. ಎಂದರೆ, ಆ ಎರಡು ಕ್ರಾಂತಿಗಳ ನಡುವೆ ಹುಟ್ಟಿದ ಮಗುವಿಗೆ 'ಇದು ನಿನ್ನ ದೇಶ' ಎಂಬ ಮಾತು ತೊಟ್ಟಿಲಲ್ಲೇ ಚರ್ಚೆಯ ವಿಷಯವಾಗಿತ್ತು. ದೇಶದ ಋಣವನ್ನು ಕುರಿತು ಇಂಥವರಿಗೆ ಪಾಠ ಹೇಳುವಾಗ ನಾವು ಸ್ವಲ್ಪ ಸಂಕೋಚಪಡಬೇಕು.

ಫಿಜಿಯಲ್ಲಿ ಆಟವೆಂದರೆ ರಗ್ಬಿ. ಫುಟ್‌ಬಾಲಿಗೆ ಬಹುಮಟ್ಟಿಗೆ ಭಾರತೀಯ ಮೂಲದವರ ಆಟವೆಂಬ ಹೆಸರು. ಆಡಿ ಜೀವನ ಸಾಗಿಸೋಣವೆಂದರೆ ಸಂಬಳ ಕೊಡುವ ದೊಡ್ಡ ಸಂಸ್ಥೆಗಳು ಅಲ್ಲಿಲ್ಲ. ಲಂಬಾಸಾದಲ್ಲಿ ಆಡಿ ಕಲಿತ ಹುಡುಗ ನ್ಯೂಜಿಲೆಂಡಿನ ವೈಟಾಕೆರೆ ಯುನೈಟೆಡ್ ತಂಡಕ್ಕೆ ಹೋದ. ಅನಂತರ ಆಕ್ಲೆಂಡ್ ಸಿಟಿ. 2014ರಲ್ಲಿ ವೆಲ್ಲಿಂಗ್ಟನ್ ಫೀನಿಕ್ಸ್. ಆಸ್ಟ್ರೇಲಿಯಾದ ಲೀಗಿನಲ್ಲಿ 2018-19ರ ಅತ್ಯುತ್ತಮ ಆಟಗಾರನೆಂದು ಜಾನಿ ವಾರನ್ ಪದಕ ಅವರಿಗೆ ಬಂತು. 2019ರಲ್ಲಿ, ಮುತ್ತಜ್ಜಂದಿರ ಹಡಗುಗಳು ಹೊರಟಿದ್ದ ಅದೇ ಕಲ್ಕತ್ತೆಗೆ ಬಂದು ಎಟಿಕೆ ತಂಡವನ್ನು ಸೇರಿದರು. ಮೊದಲ ವರ್ಷವೇ 15 ಗೋಲು. ತಂಡಕ್ಕೆ 2020ರ ಮಾರ್ಚಿನಲ್ಲಿ ಪ್ರಶಸ್ತಿ. 2022ರಲ್ಲಿ ಬೆಂಗಳೂರು, ಆ ವರ್ಷವೇ ಡ್ಯುರಾಂಡ್ ಕಪ್. 2023ರಲ್ಲಿ ಒಡಿಶಾ. ಈ ನಡುವೆ ಫಿಜಿ ತಂಡದ ನಾಯಕತ್ವ, ಆ ದೇಶದ ಪರವಾಗಿ ಎಲ್ಲರಿಗಿಂತ ಹೆಚ್ಚು ಗೋಲು.

ಇಷ್ಟು ಊರುಗಳ ಹೆಸರು ಓದುವಾಗಲೇ ಕೆಲವರ ಹುಬ್ಬು ಗಂಟಿಕ್ಕುತ್ತದೆ. ಇವನದೇನು ನಿಷ್ಠೆ? ಇಂದು ಇವರ ಅಂಗಿ, ನಾಳೆ ಅವರ ಅಂಗಿ! 2023ರ ಮಾರ್ಚ್ 18ರಂದು ಗೋವೆಯ ಫತೋರ್ಡಾದಲ್ಲಿ ನಡೆದ ಅಂತಿಮ ಪಂದ್ಯ ಈ ಆಕ್ಷೇಪಕ್ಕೆ ತಕ್ಕ ನಿದರ್ಶನ. ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ರಾಯ್ ಕೃಷ್ಣ ಹಿಂದಿನ ವರ್ಷದವರೆಗೆ ಆಡುತ್ತಿದ್ದ ಕಲ್ಕತ್ತೆಯ ತಂಡ. ಪಂದ್ಯ ಸಮವಾಗಿದ್ದಾಗ, 78ನೆಯ ನಿಮಿಷದಲ್ಲಿ, ಬೆಂಗಳೂರಿಗೆ ಮುನ್ನಡೆಯ ಗೋಲು ತಂದವರು ಅವರೇ. ಸ್ವಲ್ಪ ಹೊತ್ತಿನಲ್ಲೇ ಕಲ್ಕತ್ತೆಯವರು ಸಮ ಮಾಡಿಕೊಂಡರು, ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ಗೆದ್ದರು. ಅದು ಬೇರೆ ಮಾತು. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ ಅಲ್ಲವೆ ಎಂದು ಕಲ್ಕತ್ತೆಯ ಅಭಿಮಾನಿಯೊಬ್ಬನು ಕೇಳಿದರೆ ಏನುತ್ತರ?

ಉತ್ತರ ಕಷ್ಟದ್ದಲ್ಲವೆಂದು ನನಗೆ ತೋರುತ್ತದೆ. ಅಂದು ಆತನು ಹಳೆಯ ನೆನಪಿನಿಂದ ಕಾಲು ತಡೆದು, ಗುರಿಯನ್ನು ಬೇಕೆಂದೇ ತಪ್ಪಿಸಿದ್ದರೆ ಅದು ದ್ರೋಹ. ಗೋಲು ಹೊಡೆದದ್ದು ಕೆಲಸ. ಕೂಲಿ ಕೊಟ್ಟವನಿಗೆ ಆ ದಿನದ ದುಡಿಮೆಯನ್ನು ವಂಚನೆಯಿಲ್ಲದೆ ಒಪ್ಪಿಸುವುದು ಕೂಲಿಯ ಧರ್ಮ. ಕೂಲಿ ಮುಗಿದ ಮೇಲೆ ಹಳೆಯ ಯಜಮಾನನಿಗೆ ಅದು ಸಲ್ಲುವುದಿಲ್ಲ. ಕೂಡ್ಲಿಗಿಯ ಕಡೆಯ ಹೆಣ್ಣುಮಗಳೊಬ್ಬಳು ಕಳೆದ ವರ್ಷ ಒಂದು ಕಾಫಿ ತೋಟದಲ್ಲಿ ಹಣ್ಣು ಬಿಡಿಸಿ, ಈ ವರ್ಷ ಹತ್ತು ರೂಪಾಯಿ ಹೆಚ್ಚು ಕೊಡುವ ಪಕ್ಕದ ತೋಟಕ್ಕೆ ಹೋದರೆ ಅವಳನ್ನು ಕೃತಘ್ನೆ ಎಂದು ಯಾರೂ ಹಳಿಯುವುದಿಲ್ಲ. ಹಳಿಯುವವನಿದ್ದರೆ ಅವನು ಹಳೆಯ ತೋಟದ ಸಾಹುಕಾರನೇ ಆಗಿರಬೇಕು. ಹಾಗಿರುವಾಗ ಒಂದು ತಂಡದಿಂದ ಇನ್ನೊಂದು ತಂಡಕ್ಕೆ ಹೋದ ಆಟಗಾರನಿಗೆ ಮಾತ್ರ ಬೇರೆ ನೀತಿಯೇಕೆ?

ಇಲ್ಲಿ ಗಿರ್ಮಿಟಿಯಾಗಳನ್ನು ನೆನೆಯಬೇಕು. ಒಂದು ತೋಟ ಬಿಟ್ಟು ಮತ್ತೊಂದಕ್ಕೆ ಹೋಗುವುದೇ ಅಪರಾಧವಾಗಿದ್ದ ಜನರ ವಂಶದಲ್ಲಿ ಹುಟ್ಟಿದವನು ಇಂದು ತನ್ನ ಕಾಲಿನ ಬೆಲೆಯನ್ನು ತಾನೇ ಹೇಳಿ, ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಕರಾರು ಬರೆದು, ಅವಧಿ ತೀರಿದ ದಿನ ಕೈಕುಲುಕಿ ಹೊರಟುಹೋಗಬಲ್ಲನು. ಇದನ್ನು ಚಂಚಲತೆ ಎಂದು ಕರೆಯುವುದು ನಮ್ಮಂಥ ಸ್ಥಿರವಾದ ಸಂಬಳದವರಿಗೆ ಸುಲಭ. ಇದೇ ಕರಾರು ಎಂಬ ಮಾತಿಗೆ ಅವರ ಮನೆತನಗಳಲ್ಲಿ ಎಂಥ ಅರ್ಥವಿತ್ತೆಂಬುದನ್ನು ಬಲ್ಲವರು ಅಷ್ಟು ಬೇಗ ಆ ಪದವನ್ನು ಬಳಸಲಾರರು.

ಹಾಗಾದರೆ ಎಲ್ಲವೂ ಕೂಲಿ, ಕರಾರು, ಅವಧಿ, ಅಷ್ಟೇ ಏನು? ನಿಷ್ಠೆ ಎಂಬುದಕ್ಕೆ ಎಡೆಯೇ ಇಲ್ಲವೆ? ಇದೆ, ಆದರೆ ನಾವು ಹುಡುಕುವ ಕಡೆ ಇಲ್ಲ. ಫುಟ್‌ಬಾಲಿನ ಕಾನೂನಿನಲ್ಲಿ ಒಂದು ವಿಚಿತ್ರವಿದೆ. ಸಂಬಳ ಕೊಡುವ ತಂಡವನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಆದರೆ ಒಂದು ದೇಶದ ಪರವಾಗಿ ಅಧಿಕೃತ ಪಂದ್ಯಗಳನ್ನು ಆಡಿದವನು ಇನ್ನೊಂದು ದೇಶದ ಅಂಗಿ ತೊಡುವುದು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸಾಧ್ಯವಿಲ್ಲ. ಭಾರತದ ಪರವಾಗಿ ಆಡಬೇಕಾದರೆ ಭಾರತದ ಪಾಸ್‌ಪೋರ್ಟೇ ಬೇಕು. ಬೆಂಗಳೂರು ತಂಡದಲ್ಲೇ ಆಡುತ್ತಿದ್ದ, ಭಾರತೀಯ ತಾಯಿಯ ಮಗ ರಯಾನ್ ವಿಲಿಯಮ್ಸ್ 2025ರಲ್ಲಿ ತಮ್ಮ ಆಸ್ಟ್ರೇಲಿಯಾದ ಪೌರತ್ವವನ್ನೇ ಬಿಟ್ಟುಕೊಟ್ಟು ಭಾರತದ ಪೌರತ್ವ ಪಡೆದರು. ಅದು ಅವರ ಆಯ್ಕೆ, ಅದಕ್ಕೂ ಗೌರವವುಂಟು. ರಾಯ್ ಕೃಷ್ಣರ ಆಯ್ಕೆ ಬಹು ಹಿಂದೆಯೇ ಆಗಿಹೋಗಿತ್ತು. ತನ್ನ ಜನರಿಗೆ ಎರಡು ಸಲ ಬಾಗಿಲು ತೋರಿಸಿದ ವರ್ಷದಲ್ಲಿ ತಾನು ಹುಟ್ಟಿದ ದೇಶಕ್ಕಾಗಿಯೇ ಅವರು ಆಡಿದರು.

ಆಡಿದ್ದರಿಂದ ಬಂದದ್ದೇನು? 2016ರ ರಿಯೋ ಒಲಿಂಪಿಕ್ಸನ್ನು ನೋಡಿ. ಫಿಜಿಯ ಫುಟ್‌ಬಾಲ್ ತಂಡ ಒಲಿಂಪಿಕ್ಸಿಗೆ ಹೋದದ್ದು ಅದೇ ಮೊದಲು. ಇಪ್ಪತ್ತಮೂರರ ಒಳಗಿನ ಹುಡುಗರ ಆ ತಂಡಕ್ಕೆ ವಯಸ್ಸು ಮೀರಿದ ಕೆಲವರಿಗೆ ಮಾತ್ರ ಅವಕಾಶ; ಅವರಲ್ಲೊಬ್ಬರಾಗಿ ರಾಯ್ ಕೃಷ್ಣ ಹೋದರು. ದಕ್ಷಿಣ ಕೊರಿಯಾದ ಎದುರು 8-0 ಸೋಲು. ಜರ್ಮನಿಯ ಎದುರು 10-0 ಸೋಲು. ನಡುವೆ ಮೆಕ್ಸಿಕೊ ಎದುರು ನಡೆದ ಪಂದ್ಯದಲ್ಲಿ ಮಾತ್ರ ಮೊದಲ ಗೋಲು ಫಿಜಿಯದು. ಹೊಡೆದವರು ರಾಯ್ ಕೃಷ್ಣ. ಕೊನೆಗೆ ಅದೂ 5-1ರ ಸೋಲೇ. ಮೂರು ಪಂದ್ಯಗಳಲ್ಲಿ ತಿಂದದ್ದು 23, ಕೊಟ್ಟದ್ದು 1. ಜರ್ಮನಿಯ ಕೈಯಲ್ಲಿ ಸೋತ ಮರುದಿನವೇ ಅದೇ ರಿಯೋದಲ್ಲಿ ಫಿಜಿಯ ರಗ್ಬಿ ತಂಡ ಬ್ರಿಟನ್ನನ್ನು ಸೋಲಿಸಿ ಚಿನ್ನ ಗೆದ್ದಿತು. ಒಲಿಂಪಿಕ್ಸಿನಲ್ಲಿ ಆ ದೇಶಕ್ಕೆ ದೊರೆತ ಮೊಟ್ಟಮೊದಲ ಪದಕ ಅದು. ಫಿಜಿಗೆ ಫಿಜಿಯೇ ಕುಣಿದಾಡಿತು. ಫುಟ್‌ಬಾಲಿನವರ ಆ ಒಂದು ಗೋಲನ್ನು ಅಂದು ಎಷ್ಟು ಮಂದಿ ನೆನೆದಿದ್ದಾರು?

ಓದುಗರಿಗೆ ಇದು ಬೇರೆಯವರ ಮನೆಯ ಕಥೆಯಂತೆ ತೋರಬಹುದು. ನಮ್ಮ ಮನೆಯದೂ ಹೀಗೆಯೇ ಇದೆ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ಎದುರು ಆಡಿತು. ಹನ್ನೊಂದು ಮಂದಿಯಲ್ಲಿ ಹೆಚ್ಚಿನವರು ಬರಿಗಾಲಿನವರು. ಎರಡು ಪೆನಾಲ್ಟಿಗಳು ಕೈತಪ್ಪಿದವು. ಕೊನೆಯ ಗಳಿಗೆಯಲ್ಲಿ ಫ್ರಾನ್ಸಿನವರು ಹೊಡೆದು 2-1ರಿಂದ ಗೆದ್ದರು. ಭಾರತದ ಆ ಒಂದು ಗೋಲು ಮೈಸೂರು ಸಂಸ್ಥಾನದ ಆಟಗಾರ ಸಾರಂಗಪಾಣಿ ರಾಮನ್ ಅವರದು. ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ಎಂದರೆ ಅದೇ. ನಾಲ್ಕು ವರ್ಷಗಳ ಮೇಲೆ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯಾ ನಮ್ಮವರನ್ನು 10-1ರಿಂದ ಹೊಡೆದುಹಾಕಿತು. ಹತ್ತಾದ ಮೇಲೂ, ಪಂದ್ಯ ಮುಗಿಯುವ ಹೊತ್ತಿನಲ್ಲಿ ಒಂದನ್ನು ಹಿಂದಿರುಗಿಸಿದವರು ಬೆಂಗಳೂರಿನ ಅಹಮದ್ ಖಾನ್. ಆ ಸೋಲಿನ ಮೇಲೆ ನಮ್ಮ ಆಟಗಾರರು ಬೂಟು ತೊಡಲೇಬೇಕೆಂಬ ಕಟ್ಟಳೆ ಬಂತು.

ಅಹಮದ್ ಖಾನರೂ ಊರು ಬಿಟ್ಟವರೇ. ಬೆಂಗಳೂರಿನಲ್ಲಿ ಬರಿಗಾಲಿನಲ್ಲಿ ಆಡಿ ಬೆಳೆದು 1949ರಲ್ಲಿ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ತಂಡ ಸೇರಿದರು. ಆ ತಂಡದ ಮುಂದಿನ ಸಾಲಿನ ಐವರನ್ನು ಕಲ್ಕತ್ತೆಯ ಜನ ಪಂಚಪಾಂಡವರೆಂದು ಕರೆದರು, ಐವರೂ ದಕ್ಷಿಣದವರು. ಈಸ್ಟ್ ಬೆಂಗಾಲ್ ತಂಡಕ್ಕೆ ಕೂಗು ಹಾಕುತ್ತಿದ್ದವರಲ್ಲಿ ಬಹುಮಂದಿ ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡು ಬಂದ ಪೂರ್ವ ಬಂಗಾಳದ ನಿರಾಶ್ರಿತರು. ಊರು ಕಳೆದುಕೊಂಡವರ ಸಂತೋಷಕ್ಕಾಗಿ ಊರು ಬಿಟ್ಟು ಬಂದವನೊಬ್ಬ ಆಡುತ್ತಿದ್ದ. ಆತ ಬೆಂಗಳೂರಿನ ಮುಸಲ್ಮಾನ. 1947ರ ರಕ್ತ ಇನ್ನೂ ಆರದಿದ್ದ ಕಾಲ ಅದು. ಹತ್ತು ವರ್ಷಗಳಷ್ಟು ಕಾಲ ಕಲ್ಕತ್ತೆಯ ಆ ಜನ ಅಹಮದ್ ಖಾನರನ್ನು ಹೆಗಲ ಮೇಲೆ ಹೊತ್ತರು. ಇದರಲ್ಲಿ ಬೆಂಗಳೂರಿಗೆ ನಷ್ಟವಾಯಿತೆಂದು ಲೆಕ್ಕ ಹಾಕುವವರು ಹಾಕಲಿ. ನನಗೆ ಆ ಲೆಕ್ಕ ರುಚಿಸುವುದಿಲ್ಲ. ಆಟ ಮುಗಿದ ಮೇಲೆ ಅವರು ಬೆಂಗಳೂರಿನಲ್ಲೇ ಇದ್ದು, 2017ರ ಆಗಸ್ಟಿನಲ್ಲಿ, 90 ವರ್ಷದವರಾಗಿ ತೀರಿಕೊಂಡರು. ಒಲಿಂಪಿಕ್ಸಿನಲ್ಲಿ ಎರಡು ಸಲ ಆಡಿದ, 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಇವರ ಹೆಸರನ್ನು ನಮ್ಮ ಮಕ್ಕಳ ಪಠ್ಯದಲ್ಲಿ ನಾನು ಕಂಡದ್ದಿಲ್ಲ. ಋಣದ ಮಾತು ಎತ್ತುವವರು ಯಾರ ತಲೆಯ ಮೇಲೆ ಯಾವುದು ಬಾಕಿಯಿದೆ ಎಂಬುದನ್ನೂ ಒಮ್ಮೆ ನೋಡಬೇಕು.

ಹಿಂದಿನವರು ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆ ಎಂದರು: ದೇವಋಣ, ಋಷಿಋಣ, ಪಿತೃಋಣ. ಶತಪಥ ಬ್ರಾಹ್ಮಣದಲ್ಲಿ ನಾಲ್ಕನೆಯದಾಗಿ ಮನುಷ್ಯಋಣವನ್ನೂ ಸೇರಿಸಿದ್ದಾರೆ. ಅತಿಥಿಗೆ ಅನ್ನ, ವಸತಿ ಕೊಡುವುದರಿಂದ ಅದು ತೀರುತ್ತದಂತೆ. ಈ ಪಟ್ಟಿಯಲ್ಲಿ ಊರಿನ ಋಣ ಎಂಬುದು ಇಲ್ಲವೆಂಬುದನ್ನು ಗಮನಿಸಬೇಕು. ಕಲಿಸಿದವನಿಗೆ, ಹೆತ್ತವರಿಗೆ, ಬಾಗಿಲಿಗೆ ಬಂದವನಿಗೆ ನಾವು ಸಾಲಗಾರರು. ಮಣ್ಣಿಗೆ, ಗಡಿಕಲ್ಲಿಗೆ, ಕಂದಾಯ ಇಲಾಖೆಯ ನಕ್ಷೆಗೆ ಅಲ್ಲ. ಕಾನಹೊಸಹಳ್ಳಿಯ ನೆಲ ಇತ್ತೀಚಿನವರೆಗೆ ಬಳ್ಳಾರಿ ಜಿಲ್ಲೆಯದು, 2021ರಿಂದ ವಿಜಯನಗರ ಜಿಲ್ಲೆಯದು. ಹರಪನಹಳ್ಳಿಯವರಂತೂ ನಡುವೆ ದಾವಣಗೆರೆಗೂ ಹೋಗಿ ಬಂದರು. ಜಿಲ್ಲೆ ಬದಲಾದಾಗ ನಮ್ಮ ಋಣವೂ ಕಡತದ ಜತೆ ವರ್ಗವಾಯಿತೇನು? ಊರಿನ ಋಣ ಎಂದು ನಾವು ಹೇಳುವಾಗ ನಿಜವಾಗಿ ಹೇಳುತ್ತಿರುವುದು ಕೆಲವು ಜನರ ಋಣ: ಹರಿದ ಚೆಂಡನ್ನು ಹೊಲಿದು ಕೊಟ್ಟವನು, ಶಾಲೆ ಬಿಟ್ಟ ಮೇಲೂ ಬಯಲಿನಲ್ಲಿ ನಿಂತು ಸೀಟಿ ಊದಿದ ಮೇಷ್ಟ್ರು, ಹೊಲದ ಕೆಲಸಕ್ಕೆ ಕರೆಯದೆ ಮಗನನ್ನು ಆಡಲು ಬಿಟ್ಟ ತಾಯಿ.

ಇದಕ್ಕೆ ಒಂದು ಪ್ರಬಲವಾದ ಆಕ್ಷೇಪವಿದೆ. ಋಣವು ವ್ಯಕ್ತಿಗಳಿಗೆ ಮಾತ್ರವಾದರೆ, ಆ ವ್ಯಕ್ತಿಗಳು ತೀರಿಹೋದ ಮೇಲೆ ಮನುಷ್ಯನು ಮುಕ್ತನೇ? ರಾಯ್ ಕೃಷ್ಣ ಹಾಗೆಂದುಕೊಂಡಿದ್ದರೆ ರಿಯೋಗೆ ಹೋಗಿ ಹತ್ತು ಗೋಲಿನ ಸೋಲಿನಲ್ಲಿ ನಿಲ್ಲಬೇಕಾದ ಕಾರಣವೇನಿತ್ತು? ವೆಲ್ಲಿಂಗ್ಟನ್ನಿನಲ್ಲಿ ಸಂಬಳ ಬರುತ್ತಿತ್ತು. ಆ ಸೋಲಿನಿಂದ ಅವರ ಬೆಲೆ ಏರುವಂತಿರಲಿಲ್ಲ. ಹೀಗಿದ್ದೂ ಹೋದರು. ಆ ತಂಡದ ಹುಡುಗರಲ್ಲಿ ಬಹುಮಂದಿಗೆ ಅಂಥ ಕ್ರೀಡಾಂಗಣವೇ ಹೊಸದು. ತಮಗಿಂತ ಬಲ್ಲವನೊಬ್ಬ ತಮ್ಮ ಜತೆ ನಿಂತು ಸೋತನೆಂಬುದು ಆ ಹುಡುಗರಿಗೆ ಎಷ್ಟು ದೊಡ್ಡದಾಗಿದ್ದೀತು! ಗೆಲ್ಲುವ ಕಡೆ ನಿಲ್ಲುವುದಕ್ಕೆ ಹಣ ಕೊಡುವವರು ಎಲ್ಲೆಲ್ಲೂ ಸಿಗುತ್ತಾರೆ. ಸೋಲುವುದು ಖಚಿತವಾಗಿರುವ ಕಡೆ ಬಂದು ನಿಲ್ಲುವುದನ್ನು ಕರಾರಿನಲ್ಲಿ ಬರೆಯಲಾಗುವುದಿಲ್ಲ. ಊರು ಬಿಟ್ಟವನಿಂದ ಊರು ಏನನ್ನಾದರೂ ಬಯಸಬಹುದಾದರೆ, ನನ್ನ ಮಟ್ಟಿಗೆ, ಅದು ಇಷ್ಟೇ. ಗುಡಿಗೆ ಕಳಶ, ಜಾತ್ರೆಗೆ ವಂತಿಗೆ, ಬಸ್ ನಿಲ್ದಾಣದಲ್ಲಿ ತನ್ನ ಹೆಸರಿನ ಕಲ್ಲುಬೆಂಚು, ಇವೆಲ್ಲ ಆಮೇಲಿನ ಮಾತು.

ಆದರೂ ಊರು ಬಿಡುವುದರಿಂದ ಯಾರಿಗೂ ಏನೂ ಕಳೆಯುವುದಿಲ್ಲವೆಂದು ಹೇಳಿ ಕೈತೊಳೆದುಕೊಳ್ಳಲಾರೆ. ಲಂಬಾಸಾದ ಬಯಲಿನಲ್ಲಿ ಆಡುವ ಹುಡುಗರು ತಮ್ಮೂರಿನ ಅತ್ಯುತ್ತಮ ಆಟಗಾರನನ್ನು ಬಹುವರ್ಷ ಪರದೆಯ ಮೇಲೆಯೇ ನೋಡಿದರು. ಅಲ್ಲೇ ಉಳಿದಿದ್ದರೆ ಅವರು ಇಷ್ಟು ದೊಡ್ಡ ಆಟಗಾರರಾಗುತ್ತಿರಲಿಲ್ಲ, ನಿಜ. ಆದರೆ ದಿನವೂ ಸಂಜೆ ಪಕ್ಕದಲ್ಲಿ ನಿಂತು, "ಹಾಗಲ್ಲ, ಪಾದದ ಒಳಬದಿಯಿಂದ" ಎಂದು ತಿದ್ದುವವನೊಬ್ಬ ಆ ಹುಡುಗರಿಗೆ ಇಲ್ಲವಾದ. ಇದು ಯಾರ ತಪ್ಪೂ ಅಲ್ಲದ ನಷ್ಟ. ತಪ್ಪಿತಸ್ಥನು ಸಿಕ್ಕಿದರೆ ಸಮಾಧಾನಪಡುವ ಸ್ವಭಾವ ನಮ್ಮದು. ಆದ್ದರಿಂದಲೇ ಹೋದವನನ್ನು ಬೈಯುತ್ತೇವೆ. ಆಡಲು ಬಯಲಿಲ್ಲದ, ಕಲಿಸಲು ಜನರಿಲ್ಲದ, ದುಡಿದರೆ ಕೂಲಿ ಹುಟ್ಟದ ಊರಿನ ಸ್ಥಿತಿಯನ್ನು ಬೈಯುವುದು ಅಷ್ಟು ಸುಲಭವಲ್ಲ, ಅದಕ್ಕೆ ಮುಖವಿಲ್ಲ.

ಮೈಸೂರು ತಂಡ 1946-47ರಲ್ಲಿ, 1952-53ರಲ್ಲಿ, ಮತ್ತೆ 1967-68, 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ಆಮೇಲೆ ಕರ್ನಾಟಕಕ್ಕೆ ಆ ಟ್ರೋಫಿ ದೊರೆಯಲು 2023ರ ಮಾರ್ಚಿನವರೆಗೆ ಕಾಯಬೇಕಾಯಿತು. ಅಂತಿಮ ಪಂದ್ಯ ನಡೆದದ್ದೂ ದೂರದ ರಿಯಾದ್ ನಗರದಲ್ಲಿ. 54 ವರ್ಷ! ಇದಕ್ಕೆ ಊರು ಬಿಟ್ಟು ಹೋದವರೇ ಕಾರಣವೆಂದು ಯಾರೂ ಹೇಳಲಾರರು.

ನಮ್ಮ ಸೀಮೆಯಲ್ಲಿ ಫುಟ್‌ಬಾಲಿನ ಸಂಪ್ರದಾಯವಿಲ್ಲ. ಖೊಖೊ, ಕಬಡ್ಡಿ, ವಾಲಿಬಾಲು ನಮ್ಮವು. ಕೂಡ್ಲಿಗಿ ತಾಲ್ಲೂಕಿನ ಒಂದು ತಾಂಡಾದ ಸಮೀಪದ ಶಾಲೆಯಲ್ಲಿ ಪಾಠ ಹೇಳುವ ಮಿತ್ರರೊಬ್ಬರು ತಮ್ಮ ಖೊಖೊ ತಂಡದ ವಿಚಾರ ಹೇಳುತ್ತಿದ್ದರು. ಜುಲೈ, ಆಗಸ್ಟಿನಲ್ಲಿ ಹುಡುಗಿಯರು ಚಿಗರೆಗಳಂತೆ ಓಡುತ್ತಾರೆ. ದೀಪಾವಳಿ ಕಳೆಯುತ್ತಲೂ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ. ಅಪ್ಪ ಅಮ್ಮ ಕಬ್ಬಿನ ಗದ್ದೆಗೆ ಹೊರಟರೆ ಕೈಗೂಸನ್ನು ನೋಡಿಕೊಳ್ಳಲು ದೊಡ್ಡ ಮಗಳೂ ಜತೆಗೆ ಹೋಗಬೇಕು. ಅಜ್ಜಿಯ ಹತ್ತಿರ ಉಳಿದವರು, ಸರಕಾರದ ಋತುಮಾನದ ವಸತಿ ಶಾಲೆಗೆ ಸೇರಿದವರು ಸೇರಿ ಕೆಲವು ಸಲ ಒಂಬತ್ತು ಮಂದಿ ಆಗುತ್ತಾರೆ, ಕೆಲವು ಸಲ ಏಳೇ. ಯುಗಾದಿಗೆ ಹಿಂತಿರುಗಿದಾಗ ಎಲ್ಲರೂ ಒಂದು ಗೇಣು ಎತ್ತರವಾಗಿರುತ್ತಾರೆ. ಅಷ್ಟು ಹೊತ್ತಿಗೆ ಆ ವರ್ಷದ ಪಂದ್ಯಗಳು ಮುಗಿದಿರುತ್ತವೆ. "ಹೋದವರ ಮೇಲೆ ನಿಮಗೆ ಸಿಟ್ಟು ಬರುವುದಿಲ್ಲವೇ, ಮೇಷ್ಟ್ರೆ?" ಎಂದು ಕೇಳಿದೆ. "ಸಿಟ್ಟು ಬಂದು ಏನು ಮಾಡೋದು ಸ್ವಾಮಿ, ಗೂಟ ಕಿತ್ತಿಟ್ಟೀನಿ. ಬಂದ ಮೇಲೆ ಮತ್ತೆ ಹೂಳ್ತೀನಿ" ಎಂದರು.